ಪಟ್ಟಿ ಬೇಡ, ಈಗಲ್ ಕತೆ ಬರೆಯಿರಿ

ನಮಸ್ಕಾರ,

ನೀವು ಕಳಿಸಿದ ‘ಬ್ರಿಟಿಷ್ ಕಾಮಿಕ್ಸ್: ಒಂದು ಸಮಗ್ರ ಇತಿಹಾಸ’ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಾಗಲಿಲ್ಲ. ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ, ಅದು ನಿಮ್ಮ ಕಣ್ಣಿಗೇ ಬಿದ್ದಿಲ್ಲ.

ನೂರಕ್ಕೂ ಜಾಸ್ತಿ ಪತ್ರಿಕೆಗಳನ್ನು ಅಕಾರಾದಿಯಾಗಿ ಜೋಡಿಸಿದ್ದೀರಿ. ಹೆಸರು, ಶುರುವಾದ ಇಸವಿ, ನಿಂತ ಇಸವಿ, ಪ್ರಕಾಶಕರು. ಮದುವೆ ಮನೆಯ ಮುಯ್ಯಿ ಪಟ್ಟಿ ಓದಿದ ಹಾಗಾಯಿತು. ಶ್ರಮ ಪಟ್ಟಿದ್ದೀರಿ, ಅದು ಕಾಣುತ್ತದೆ. ಆದರೆ ಓದುಗ ಎರಡನೇ ಪುಟ ದಾಟುವುದಿಲ್ಲ.

ನಿಮ್ಮದೇ ಪಟ್ಟಿಯಿಂದ ನಾಲ್ಕು ಹೆಸರು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. 1950ರ ಏಪ್ರಿಲ್‌ನಲ್ಲಿ ಮಾರ್ಕಸ್ ಮಾರಿಸ್ ಎಂಬ ಪಾದ್ರಿ ‘ಈಗಲ್’ ಶುರುಮಾಡಿದರು. ಅಮೆರಿಕದ ಭಯಾನಕ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಎಂಬ ಚಿಂತೆ ಅವರದು. ಫ್ರ್ಯಾಂಕ್ ಹ್ಯಾಂಪ್ಸನ್ ಬರೆದ ಡ್ಯಾನ್ ಡೇರ್ ಎಂಬ ಬಾಹ್ಯಾಕಾಶ ವೀರ ಮುಖಪುಟದಲ್ಲೇ ಬಂದ. 1969ರಲ್ಲಿ ಈಗಲ್ ಅನ್ನು ‘ಲಯನ್’ ನುಂಗಿತು. 1974ರಲ್ಲಿ ಲಯನ್ ಅನ್ನು ‘ವ್ಯಾಲಿಯಂಟ್’ ನುಂಗಿತು. 1976ರಲ್ಲಿ ವ್ಯಾಲಿಯಂಟ್ ‘ಬ್ಯಾಟಲ್’ ಪಾಲಾಯಿತು. 1988ರಲ್ಲಿ ಬ್ಯಾಟಲ್ ಹೋಗಿ ಸೇರಿದ್ದು ಎಲ್ಲಿಗೆ? 1982ರಲ್ಲಿ ಮರುಹುಟ್ಟು ಪಡೆದಿದ್ದ ಹೊಸ ಈಗಲ್‌ಗೇ! ಈ ನಾಲ್ಕೂ ಇಸವಿ ನಿಮ್ಮ ಹತ್ತಿರ ಇವೆ. ಅಕಾರಾದಿ ಅವನ್ನು ಬೇರೆಬೇರೆ ಪುಟಕ್ಕೆ ಎಸೆದುಬಿಟ್ಟಿದೆ.

ಇಷ್ಟೊಂದು ಹೆಸರು ಯಾಕೆ ಹುಟ್ಟಿದವು ಅನ್ನುವ ಪ್ರಶ್ನೆಯನ್ನೇ ನೀವು ಕೇಳಿಲ್ಲ. ಉತ್ತರ ಈ ನುಂಗಾಟದಲ್ಲೇ ಇದೆ. ಹೊಸ ವಾರಪತ್ರಿಕೆಯ ಮೊದಲ ಸಂಚಿಕೆಗಳ ಜೊತೆ ಏನಾದರೂ ಪುಕ್ಕಟೆ ಆಟಿಕೆ ಕೊಡುತ್ತಿದ್ದರು. 1937ರ ‘ಡ್ಯಾಂಡಿ’ ಮೊದಲ ಸಂಚಿಕೆಗೆ ಸೀಟಿ, 1938ರ ‘ಬೀನೊ’ಗೆ ಮುಖವಾಡ. ಶುರುವಿನಲ್ಲಿ ಮಾರಾಟ ಜೋರು, ಆಮೇಲೆ ಇಳಿತ. ತೀರಾ ಇಳಿದಾಗ ಪತ್ರಿಕೆಯನ್ನು ನೇರವಾಗಿ ಮುಚ್ಚಿದರೆ ಓದುಗರು ಕೈತಪ್ಪುತ್ತಾರೆ. ಅದಕ್ಕೇ ಅದನ್ನು ಅದೇ ಸಂಸ್ಥೆಯ ಇನ್ನೊಂದು ಪತ್ರಿಕೆಗೆ ಸೇರಿಸುವುದು. ‘ಒಳಗೆ ಭಾರಿ ಸಿಹಿಸುದ್ದಿ’ ಎಂದು ಮುಖಪುಟದಲ್ಲಿ ಕಂಡರೆ ಆ ಪತ್ರಿಕೆಯ ಕತೆ ಮುಗಿಯಿತು ಅಂತಲೇ ಅರ್ಥ. ಮುಂದಿನ ವಾರ ‘ಲಯನ್ ಅಂಡ್ ಈಗಲ್’ ಅಂತ ಜೋಡಿ ಹೆಸರು. ಸತ್ತ ಪತ್ರಿಕೆಯ ಒಂದೆರಡು ಜನಪ್ರಿಯ ಕತೆಗಳು ಅಲ್ಲಿ ಮುಂದುವರಿಯುತ್ತವೆ. ಎರಡನೇ ಹೆಸರು ಕ್ರಮೇಣ ಚಿಕ್ಕದಾಗಿ, ಒಂದು ದಿನ ಮಾಯವಾಗುತ್ತದೆ. ಸಿಹಿಸುದ್ದಿ ಅಂತ ನಂಬಿ ಪುಟ ತಿರುಗಿಸಿದ ಮಗುವನ್ನು ನೆನೆಸಿಕೊಂಡು ಈ ಭಾಗ ಬರೆಯಿರಿ. ಲೇಖನದ ಅರ್ಧ ಭಾಗವನ್ನು ಇದಕ್ಕೇ ಕೊಟ್ಟರೂ ಪರವಾಗಿಲ್ಲ.

ಇನ್ನು ತಪ್ಪುಗಳು. ಬೀನೊದ ಡೆನಿಸ್ ದಿ ಮೆನೇಸ್ ಅಮೆರಿಕದ ನಕಲು ಎಂದಿದ್ದೀರಿ. ಅಲ್ಲ. ಎರಡು ದೇಶಗಳಲ್ಲೂ ಅದೇ ಹೆಸರಿನ ಎರಡು ಬೇರೆ ಹುಡುಗರು 1951ರ ಮಾರ್ಚ್‌ನಲ್ಲೇ ಬಂದರು, ಅದು ಕಾಕತಾಳೀಯ. ಡ್ಯಾಂಡಿಯ ಮುದ್ರಣ 2012ರಲ್ಲಿ ನಿಂತದ್ದಕ್ಕೆ ಮೊಬೈಲ್ ಒಂದೇ ಕಾರಣ ಎಂದಿದ್ದೀರಿ. ಆಧಾರ ಎಲ್ಲಿ? ಬೀನೊ ಈಗಲೂ ಬರುತ್ತಿದೆಯಲ್ಲ. ಎರಡನೇ ಮಹಾಯುದ್ಧದ ಕಾಲದ ಬಗ್ಗೆ ‘ಕಷ್ಟದ ದಿನಗಳು’ ಅಂತಷ್ಟೇ ಬರೆದು ಮುಗಿಸಿದ್ದೀರಿ. ಕಾಗದದ ಅಭಾವದಿಂದ ಡ್ಯಾಂಡಿ ಒಂದು ವಾರ, ಬೀನೊ ಒಂದು ವಾರ ಬರುತ್ತಿದ್ದವು ಅಂತ ಬರೆದರೆ ಕಷ್ಟ ತಾನಾಗಿ ಗೊತ್ತಾಗುತ್ತದೆ.

ಚಿತ್ರಕಾರರ ಹೆಸರುಗಳು ಲೇಖನದಲ್ಲಿ ಇಲ್ಲವೇ ಇಲ್ಲ. ಅದು ಪೂರ್ತಿ ನಿಮ್ಮ ತಪ್ಪಲ್ಲ, ಹೆಚ್ಚಿನ ಪತ್ರಿಕೆಗಳು ಅವರಿಗೆ ಸಹಿ ಹಾಕಲೇ ಬಿಡುತ್ತಿರಲಿಲ್ಲ. ಡ್ಯಾಂಡಿ, ಬೀನೊ ಹೊರತಂದ, ಸ್ಕಾಟ್ಲೆಂಡಿನ ಡಂಡೀ ನಗರದ ಡಿ.ಸಿ. ಥಾಮ್ಸನ್ ಸಂಸ್ಥೆಯಲ್ಲಿ ಡಡ್ಲಿ ವಾಟ್ಕಿನ್ಸ್‌ಗೆ ಆ ಅವಕಾಶ ಸಿಕ್ಕಿತ್ತು. ಬೀನೊದ ತುಂಟ ಶಾಲಾಮಕ್ಕಳಾದ ಬ್ಯಾಷ್ ಸ್ಟ್ರೀಟ್ ಮಕ್ಕಳನ್ನು ಸೃಷ್ಟಿಸಿದ ಲಿಯೊ ಬ್ಯಾಕ್ಸೆಂಡೇಲ್ ತನ್ನ ಪಾತ್ರಗಳ ಹಕ್ಕಿಗಾಗಿ ಕೋರ್ಟ್ ಹತ್ತಬೇಕಾಯಿತು. 1980ರಲ್ಲಿ ಶುರುವಾದ ಆ ಜಗಳ ರಾಜಿಯಲ್ಲಿ ಮುಗಿಯುವಾಗ 1987.

ಹುಡುಗಿಯರ ಕಾಮಿಕ್ಸ್‌ಗೆ ಮೂರೇ ಸಾಲು ಯಾಕೆ? ‘ಬಂಟಿ’ 1958ರಿಂದ 2001ರವರೆಗೆ ನಡೆಯಿತು. ಹುಡುಗರ ಎಷ್ಟೋ ಪತ್ರಿಕೆಗಳಿಗೆ ಅಷ್ಟು ಆಯಸ್ಸು ಇರಲಿಲ್ಲ. ಇನ್ನೊಂದು ಮಾತು. ಹುಡುಗಿಯರ ‘ಟ್ಯಾಮಿ’ಗೆ ಕತೆ ಬರೆದು ಪಳಗಿದ ಪ್ಯಾಟ್ ಮಿಲ್ಸ್ ಅವರೇ ಜಾನ್ ವ್ಯಾಗ್ನರ್ ಜೊತೆ ಬ್ಯಾಟಲ್ ಕಟ್ಟಿದ್ದು, 1977ರಲ್ಲಿ ವೈಜ್ಞಾನಿಕ ಕತೆಗಳ ‘2000 ಎಡಿ’ ಶುರುಮಾಡಿದ್ದು. ಅಂದರೆ ನೀವು ಮೂರು ಸಾಲಿನಲ್ಲಿ ಮುಗಿಸಿದ ಜಾಗದಿಂದಲೇ ನೀವು ಮೂರು ಪುಟ ಹೊಗಳಿದ ಪತ್ರಿಕೆಗೆ ದಾರಿ ಇದೆ.

ಕೊನೆಯಲ್ಲಿರುವ ‘ಕನ್ನಡದಲ್ಲಿ ಇಂಥದ್ದು ಯಾಕಿಲ್ಲ’ ಎಂಬ ಗೋಳು ತೆಗೆಯಿರಿ, ಅದು ಬೇರೆಯೇ ಲೇಖನ. ನಮ್ಮ ನಂಟು ಬೇಕೇ ಬೇಕು ಅನ್ನಿಸಿದರೆ ‘ಕಮಾಂಡೊ’ ಇದೆ. 1961ರಲ್ಲಿ ಡಂಡೀಯಲ್ಲಿ ಶುರುವಾದ ಆ ಪುಟ್ಟ ಯುದ್ಧದ ಪುಸ್ತಕಗಳನ್ನು ಇಲ್ಲಿ ಬಾಡಿಗೆ ಲೈಬ್ರರಿಗಳಿಂದ ತಂದು ಓದಿದವರಿದ್ದಾರೆ. ಒಂದು ಪ್ಯಾರಾ ಸಾಕು.

ಸಾವಿರದಿನ್ನೂರು ಪದ ಮೀರದಂತೆ ಮತ್ತೆ ಬರೆದು ಕಳಿಸಿ. ಪಟ್ಟಿಯನ್ನು ಎಸೆಯಬೇಡಿ, ಇಸವಿಗಳನ್ನು ತಾಳೆ ನೋಡಲು ನನಗೆ ಪ್ರತ್ಯೇಕವಾಗಿ ಬೇಕು. ಮುಖಪುಟಗಳ ಸ್ಕ್ಯಾನ್ ಮಾತ್ರ ಕಳಿಸಬೇಡಿ, ಹಕ್ಕುದಾರರ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ.

ಇತಿ,
ಸಂಪಾದಕ