ಪಿಲ್ಲರ್ ಬುಡದ ಒಂದು ಮೂಲೆಯಲ್ಲಿ, ಫುಟಿಂಗ್‌ಗೆ (ಪಿಲ್ಲರ್ ಕೆಳಗಿನ ಅಡಿಪಾಯಕ್ಕೆ) ತಾಗಿದಂತೆ ಜಲ್ಲಿ ಕಾಣುತ್ತಿದೆ, ಫೋಟೋ ಕಳಿಸಿದ್ದೇನೆ. ಪ್ಲಾಸ್ಟರ್ ಮಾಡಿ ಮುಚ್ಚಬಹುದೇ?
ಸಿಮೆಂಟ್ ಹಾಲು (ಸಿಮೆಂಟ್ ಬೆರೆತ ನೀರು) ಸೋರಿಹೋಗಿರುವುದೇ ಕಾರಣ ಇರಬೇಕು. ಒಂದೇ ಮೂಲೆಯಲ್ಲಿ, ಅದೂ ಫುಟಿಂಗ್‌ಗೆ ತಾಗಿದಂತೆ ಎಂದಿದ್ದೀರಿ. ಕಾಂಕ್ರೀಟ್ ಸುರಿಯಲು ಕಟ್ಟುವ ಶಟರಿಂಗ್ ಹಲಗೆಯ ತಳದಲ್ಲಿ ಸಂದಿ ಉಳಿದಾಗ ಹೀಗಾಗುತ್ತದೆ. ಕಾಂಕ್ರೀಟನ್ನು ಅದುರಿಸಿ ಗಟ್ಟಿಯಾಗಿ ಕೂರಿಸುವ ವೈಬ್ರೇಟರ್‌ನ ಸೂಜಿ ತಳ ಮುಟ್ಟದಿದ್ದರೂ ಇದೇ ಗತಿ.

ಪ್ಲಾಸ್ಟರ್ ಬೇಡವೇ ಬೇಡ. ಒಳಗಿನ ಟೊಳ್ಳಿಗೆ ತೇವ ಸೇರಿ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ.

ಮೊದಲು ಮೇಲಿನ ಕೆಲಸ ನಿಲ್ಲಿಸಿ. ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಟೊಳ್ಳು ಸದ್ದು ಬರುವಷ್ಟು ಜಾಗಕ್ಕೆ ಗುರುತು ಹಾಕಿ. ಸಡಿಲ ಜಲ್ಲಿಯನ್ನು ಉಳಿಯಿಂದ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕೆತ್ತಿ ತೆಗೆಯಿರಿ. ಕಂಬಿ ಬಯಲಾದರೆ ಅದರ ಹಿಂದೆಯೂ 20–25 ಮಿ.ಮೀ. ಬಿಡಿಸಿ, ಇಲ್ಲವಾದರೆ ಹೊಸ ಮಾಲು ಕಂಬಿಯನ್ನು ಸುತ್ತುವರಿಯುವುದಿಲ್ಲ. ಟೊಳ್ಳಿನ ಆಳ ಎಷ್ಟೆಂದು ಫೋಟೋದಲ್ಲಿ ತಿಳಿಯದು. ಟೊಳ್ಳು ಕಂಬಿಯನ್ನೂ ದಾಟಿ ಒಳಗೆ ಹೋಗಿದ್ದರೆ ಮುಂದೆ ಕೆತ್ತದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಆಸರೆ ಕೊಡಬೇಕೋ, ಪಿಲ್ಲರನ್ನೇ ಒಡೆಯಬೇಕೋ ಅವರೇ ಹೇಳಬೇಕು.

ಕಂಬಿಯವರೆಗಷ್ಟೇ ಇದ್ದರೆ ದೂಳು ತೊಳೆದು, ಹಳೆ ಕಾಂಕ್ರೀಟಿಗೆ ಚೆನ್ನಾಗಿ ನೀರು ಕುಡಿಸಿ. ಮೇಲ್ಮೈಯಲ್ಲಿ ನೀರು ನಿಂತಿರಬಾರದು. ಬಿಗಿಯಾಗಿ ಹಲಗೆ ಕಟ್ಟಿ, ಕುಗ್ಗದ ಗ್ರೌಟ್ (ಸಂದಿಗೆ ಸುರಿಯುವ ತೆಳು ಸಿಮೆಂಟ್ ಮಾಲು) ಅಥವಾ ಮೈಕ್ರೋ ಕಾಂಕ್ರೀಟನ್ನು (ಸಣ್ಣ ಜಲ್ಲಿಯ ರೆಡಿ ಮಾಲನ್ನು) ಒಂದೇ ಬದಿಯಿಂದ ಸುರಿಯಿರಿ, ಎರಡೂ ಕಡೆಯಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ನೀರಿನ ಅಳತೆ ಚೀಲದ ಮೇಲಿರುವಷ್ಟೇ. ‘ಸ್ವಲ್ಪ ತೆಳ್ಳಗಾಗಲಿ’ ಎಂದು ಮೇಸ್ತ್ರಿ ಒಂದು ಮಗ್ ಹೆಚ್ಚಿಗೆ ಹಾಕಿದರೆ ಬಲ ಅಲ್ಲೇ ಹೋಯಿತು. ಹಲಗೆ ಬಿಚ್ಚಿದ ಮೇಲೆ ಒದ್ದೆ ಗೋಣಿ ಸುತ್ತಿ ಕನಿಷ್ಠ 7 ದಿನ ಒಣಗಲು ಬಿಡಬೇಡಿ.