ಹಳೇ ಟಿವಿಗೆ ಸ್ಟಿಕ್ಕಾ, ಬಾಕ್ಸಾ?

ಕೇಬಲ್ ಟಿವಿ ಬಿಟ್ಟು ನೆಟ್ ಮೂಲಕ ನೋಡೋಕೆ ಸ್ಟಿಕ್ ತಗೊಳ್ಳಲಾ, ಬಾಕ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಿಮ್ಮದು ಸ್ಮಾರ್ಟ್ ಅಲ್ಲದ 1080ಪಿ (ಫುಲ್ ಎಚ್‌ಡಿ) ಟಿವಿ, ಎಚ್‌ಡಿಎಂಐ ಇದೆ, ರೂಟರ್ ಪಕ್ಕದ ಕೋಣೆಯಲ್ಲಿದೆ ಅಂದಿದ್ದೀರಿ. ಹಾಗಿದ್ದರೆ ಕೇಬಲ್ ಬಿಡೋಕೆ ಹೊಸ ಟಿವಿ ಬೇಡ, ಎಚ್‌ಡಿಎಂಐಗೆ ಚುಚ್ಚಿ ವೈಫೈನಲ್ಲಿ ಸಿನಿಮಾ ತೋರಿಸುವ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಾಕು. 1080ಪಿಗಿಂತ ಸ್ಪಷ್ಟವಾದ 4ಕೆ ಚಿತ್ರವನ್ನು ನಿಮ್ಮ ಟಿವಿ ತೋರಿಸೋಲ್ಲ, ಹಾಗಾಗಿ 4ಕೆ ಸ್ಟಿಕ್‌ಗೆ ಜಾಸ್ತಿ ದುಡ್ಡು ಹಾಕೋದು ಸುಮ್ನೆ ದಂಡ.

ನೆಟ್‌ಫ್ಲಿಕ್ಸ್ 1080ಪಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಬೇಕು ಅನ್ನುತ್ತದೆ. ಆ ವೇಗ ರೂಟರ್ ಹತ್ತಿರ ಸಿಕ್ಕರೆ ಏನು ಬಂತು, ಟಿವಿ ಹತ್ತಿರ ಸಿಗಬೇಕಲ್ವಾ? ಫೋನ್ ಹಿಡಿದು ಅಲ್ಲೇ ನಿಂತು ಅಳೆದು ನೋಡಿ. 5 ಗಿಗಾಹರ್ಟ್ಸ್ ವೈಫೈ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಗೋಡೆ ದಾಟೋದರಲ್ಲಿ ಅದಕ್ಕಿಂತ ವಾಸಿಯಾದ 2.4 ಗಿಗಾಹರ್ಟ್ಸ್ ವೈಫೈನಲ್ಲೂ ಆ ವೇಗ ಸಿಗದಿದ್ದರೆ ಮಾತ್ರ ಈಥರ್ನೆಟ್ ಪೋರ್ಟ್ (ನೆಟ್ ವೈರ್ ಚುಚ್ಚುವ ಜಾಗ) ಇರುವ ಸ್ಟ್ರೀಮಿಂಗ್ ಬಾಕ್ಸ್ ತಗೊಂಡು ರೂಟರ್‌ನಿಂದ ವೈರ್ ಎಳೆಯಿರಿ.

ಹಾಂ, ಸ್ಟಿಕ್‌ಗೆ ಕರೆಂಟ್ ಅದರ ಅಡಾಪ್ಟರ್‌ನಿಂದಲೇ ಕೊಡಿ. ಹಳೇ ಟಿವಿಯ ಯುಎಸ್‌ಬಿ ಸಾಲದೆ ಸಿನಿಮಾ ಮಧ್ಯೆ ರೀಸ್ಟಾರ್ಟ್ ಆಗಬಹುದು.