ಪಟ್ಟಿ ಬಿಡಿ, ರಸೀದಿ ಹಿಡಿಯಿರಿ

ಪ್ರಿಯರೇ,

ಪ್ರೋಗ್ರಾಂಗಳಲ್ಲಿ ದಿನಾಂಕ, ಸಮಯ ಬರೆಯುವ ಬಗ್ಗೆ ದಾವಣಗೆರೆಯಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬದಿಗೆ ಎಸೆಯುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಕಾಲ ಯಾರಿಗೂ ಕಾಯುವುದಿಲ್ಲ ಅನ್ನುವುದು ಓದುಗರಿಗೆ ಗೊತ್ತು. ಆಮೇಲೆ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದಿನಾಂಕ, ಸಮಯವನ್ನು ಬೇಕಾದ ರೂಪದಲ್ಲಿ ಬರೆಸುವ ಎಸ್‌ಟಿಆರ್‌ಎಫ್‌ಟೈಮ್ ಫಂಕ್ಷನ್ನಿನ ಸಂಕೇತಗಳನ್ನೆಲ್ಲ ಒಂದರ ಕೆಳಗೊಂದು ಇಳಿಸಿದ್ದೀರಿ. ಅದು ಮ್ಯಾನ್ಯುಯಲ್‌ನಲ್ಲೇ ಇದೆ, ಬೇಕಾದವರು ಅಲ್ಲೇ ನೋಡುತ್ತಾರೆ. ನ್ಯೂಯಾರ್ಕಿನ ಉದಾಹರಣೆಗಳೂ ಬೇಡ.

ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ನಿಮ್ಮ ಮಾವ ಮೆಕ್ಕೆಜೋಳ ಮಾರಿದ ರಸೀದಿಯಲ್ಲಿ 05/11/2024 ಅಂತ ಇತ್ತು, ಅಂದರೆ ನವೆಂಬರ್ 5. ಅಮೆರಿಕದ ಸೆಟ್ಟಿಂಗ್ ಇದ್ದ ಎಕ್ಸೆಲ್ ಅದನ್ನು ಮೇ 11 ಅಂದುಕೊಂಡಿತು. ನಮ್ಮ ಕಡೆ ಮೇ ತಿಂಗಳಲ್ಲಿ ಮುಂಗಾರಿನ ಮೆಕ್ಕೆಜೋಳ ಹೊಲದಲ್ಲೇ ಇರುವುದಿಲ್ಲ, ಇನ್ನು ಮಾರುವುದೆಲ್ಲಿ! ಇದನ್ನೇ ಮೊದಲ ಸಾಲಿಗೆ ತನ್ನಿ. (ಅಂಗಡಿಯ ಹೆಸರು ಬೇಡ, ತಪ್ಪು ಅವರದ್ದಲ್ಲ.) ಜೊತೆಗೆ ನೀವು ಬಿಟ್ಟ ಒಂದು ವಿಷಯ ಸೇರಿಸಿ. ತಿಂಗಳ 12ನೇ ತಾರೀಖಿನವರೆಗೆ ಈ ತಪ್ಪು ಬಾಯಿ ಬಿಡುವುದಿಲ್ಲ. ದಿನ, ತಿಂಗಳು ಸುಮ್ನೆ ಅದಲುಬದಲಾಗುತ್ತವೆ. 13/11/2024 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಎಕ್ಸೆಲ್ ಅದನ್ನು ದಿನಾಂಕ ಅಂತಲೇ ಒಪ್ಪದೆ ಬರೀ ಅಕ್ಷರವಾಗಿ ಉಳಿಸುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ತಪ್ಪು ದಿನಾಂಕ, ಕೆಲವು ದಿನಾಂಕವೇ ಅಲ್ಲ. ಲೆಕ್ಕ ಬರೆಯುವವರು ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಇಲ್ಲಿಂದ ನಿಮ್ಮ ಮುಖ್ಯ ಮಾತಿಗೆ ದಾರಿ ಸಿಗುತ್ತದೆ: ಕೂಡಿಡುವ ದಿನಾಂಕ ಬೇರೆ, ತೋರಿಸುವ ದಿನಾಂಕ ಬೇರೆ. ಕೂಡಿಡಲು 2024-11-05 ಸಾಕು. 1988ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601 ಹೇಳುವುದೂ ಇದನ್ನೇ. ವರ್ಷ ಮೊದಲು ಬರುವುದರಿಂದ ಅಕ್ಷರ ಅಂತ ಜೋಡಿಸಿದರೂ ದಿನಾಂಕಗಳು ಸರಿಯಾದ ಸಾಲಿನಲ್ಲೇ ನಿಲ್ಲುತ್ತವೆ. ರೈತನ ಕೈಗೆ ಕೊಡುವ ಚೀಟಿಯಲ್ಲಿ ಮಾತ್ರ ‘5 ನವೆಂಬರ್ 2024’ ಅಂತ ಇರಲಿ.

ಇನ್ನು ತಪ್ಪುಗಳು. ಸಿ ಭಾಷೆಯಲ್ಲಿ ಚಿಕ್ಕ ಎಂ (m) ಅಂದರೆ ತಿಂಗಳು, ದೊಡ್ಡ ಎಂ (M) ಅಂದರೆ ನಿಮಿಷ. ಜಾವಾ ಭಾಷೆಯಲ್ಲಿ ಉಲ್ಟಾ. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ. ಹಾಗಾಗಿ ನಿಮ್ಮ ಉದಾಹರಣೆಯಲ್ಲಿ 10:35 ಬರಬೇಕಾದಲ್ಲಿ 10:11 ಬಂದಿದೆ, ನವೆಂಬರಿನ 11. ನೋಡಲು ಸಮಯದ ಹಾಗೇ ಇರುವುದರಿಂದ ನಿಮಗೂ ಗೊತ್ತಾಗಿಲ್ಲ. ಜಾವಾದಲ್ಲಿ ದೊಡ್ಡ ವೈ, ಚಿಕ್ಕ ವೈ ಎರಡೂ ಒಂದೇ ಅಂದಿದ್ದೀರಿ, ಅದೂ ತಪ್ಪು. ಚಿಕ್ಕದು ಮಾಮೂಲಿ ವರ್ಷ, ದೊಡ್ಡದು ವಾರದ ಲೆಕ್ಕದ ವರ್ಷ, ಅಂದರೆ ಆ ದಿನ ಇರುವ ವಾರ ಯಾವ ವರ್ಷಕ್ಕೆ ಸೇರುತ್ತದೋ ಅದು. 2024ರ ಡಿಸೆಂಬರ್ 31 ಇದ್ದ ವಾರ 2025ರ ಮೊದಲ ವಾರ. ದೊಡ್ಡ ವೈ ಹಾಕಿದರೆ ಆ ದಿನದ ಬಿಲ್ಲಿಗೆ 31-12-2025 ಅಂತ ಅಚ್ಚಾಗುತ್ತದೆ! ವರ್ಷವಿಡೀ ಸರಿಯಿದ್ದು ಕೊನೆಯಲ್ಲಿ ಕೈಕೊಡುವ ತಪ್ಪು ಇದು. ಒಂದು ಪ್ಯಾರಾ ಕೊಡಿ.

‘ಐಎಸ್‌ಟಿ’ ಅಂತ ಭಾರತದ ಸಮಯಕ್ಕೆ ಬರೆದರೆ ಸಾಲದು. ಇಸ್ರೇಲ್, ಐರ್ಲೆಂಡಿನವರೂ ತಮ್ಮ ಸಮಯಕ್ಕೆ ಅದೇ ಮೂರಕ್ಷರ ಹಾಕುತ್ತಾರೆ. +05:30, ಅಂದರೆ ಗ್ರೀನ್‌ವಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ, ಅಂತ ಬರೆದರೆ ಗೊಂದಲವಿಲ್ಲ. ಆ ಐದೂವರೆಯನ್ನು ನಮ್ಮವರು ಇನ್ನೊಂದು ಕಡೆಯೂ ನೋಡಿರುತ್ತಾರೆ: ದಿನಾಂಕ ಖಾಲಿ ಇದ್ದಾಗ ಪರದೆಯ ಮೇಲೆ ಬರುವ ‘1 ಜನವರಿ 1970, 5:30’. ಕಂಪ್ಯೂಟರುಗಳು 1970ರಿಂದ ಸೆಕೆಂಡು ಎಣಿಸುವ ಯುನಿಕ್ಸ್ ಲೆಕ್ಕದ ಸೊನ್ನೆ ಗ್ರೀನ್‌ವಿಚ್ ಸಮಯದಲ್ಲಿ ನಡುರಾತ್ರಿ, ನಮಗೆ ಬೆಳಗಿನ ಐದೂವರೆ.

ಕನ್ನಡದ ಭಾಗ ನನಗೆ ಬಹಳ ಹಿಡಿಸಿತು. ಅದಕ್ಕೇ ಅಲ್ಲಿ ಅವಸರ ಮಾಡಿದ್ದು ಬೇಸರವೂ ತಂದಿತು. ತಿಂಗಳ ಹೆಸರಿಗೆ ಹನ್ನೆರಡು ಇಫ್ (‘ಹೀಗಿದ್ದರೆ ಹೀಗೆ ಮಾಡು’ ಅನ್ನುವ ಸಾಲು) ಬೇಕಿಲ್ಲ. ಯೂನಿಕೋಡ್ ಸಂಸ್ಥೆಯವರ ಭಾಷಾವಾರು ಮಾಹಿತಿ ಭಂಡಾರವಾದ ಸಿಎಲ್‌ಡಿಆರ್‌ನಲ್ಲಿ ಕನ್ನಡದ ತಿಂಗಳು, ವಾರಗಳ ಹೆಸರು ಸಿದ್ಧವಾಗಿವೆ. ಈಗಿನ ಜಾವಾ, ಬ್ರೌಸರ್‌ಗಳು ಅದನ್ನೇ ಬಳಸುತ್ತವೆ. ಆದರೆ ನಿಮ್ಮ ಪ್ರೋಗ್ರಾಂ ‘ಜನವರಿನಲ್ಲಿ’ ಅಂತ ಬರೆಯಿತು ಎಂದು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು! ತಾರೀಖಿಗೆ ‘ರಂದು’ ಅಂಟಿಸುವುದು ಸುಲಭ: 1ರಂದು, 2ರಂದು, 23ರಂದು, ಎಲ್ಲಕ್ಕೂ ಅದೇ. ಇಂಗ್ಲಿಷಿನವರಿಗೆ ಈ ಸುಖ ಇಲ್ಲ. ತಿಂಗಳಿಗೆ ಬಂದರೆ ಮಾರ್ಚ್‌ನಲ್ಲಿ, ಜನವರಿಯಲ್ಲಿ, ಒಂದೊಂದು ಒಂದೊಂದು ಥರ. ‘ಜನವರಿ ತಿಂಗಳಲ್ಲಿ’ ಅಂತ ಬರೆಸಿದರೆ ಪ್ರೋಗ್ರಾಮಿಗೆ ಸಂಧಿ ಕಲಿಸುವ ಕಷ್ಟ ತಪ್ಪುತ್ತದೆ. ಹಾಗೆಯೇ ನಾವು ಹೊತ್ತನ್ನು ಮೊದಲು ಹೇಳುತ್ತೇವೆ: ಬಸ್ಸು ‘ಸಂಜೆ 5:30ಕ್ಕೆ’, ‘ಬೆಳಗಿನ ಜಾವ 4ಕ್ಕೆ’. ಎಎಂ, ಪಿಎಂ ಥರ ಎರಡೇ ಹೋಳು ಸಾಲದು. 7 ಗಂಟೆ ಸಂಜೆಯೋ ರಾತ್ರಿಯೋ ಅನ್ನುವುದನ್ನು ಪ್ರೋಗ್ರಾಂ ಬರೆಯುವವರು ಯೋಚಿಸಿ ತೀರ್ಮಾನಿಸಬೇಕು. ನೀವು ಏನು ತೀರ್ಮಾನಿಸಿದಿರಿ, ಯಾಕೆ? ಅದನ್ನು ಬರೆಯಿರಿ. ನಿಮ್ಮ ಕಾರಣ ಯಾವ ಮ್ಯಾನ್ಯುಯಲ್‌ನಲ್ಲೂ ಸಿಗುವುದಿಲ್ಲ.

ಸಾವಿರ ಪದ ದಾಟಬೇಡಿ. ಡಿಸೆಂಬರ್ 31ರ ಉದಾಹರಣೆಯನ್ನು ನೀವೇ ಓಡಿಸಿ, ಬಂದ ಉತ್ತರವನ್ನು ಹಾಗೇ ಅಂಟಿಸಿ. ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಚಿತ್ರದುರ್ಗಕ್ಕೆ ಬಂದರೆ ಕಚೇರಿಗೆ ಬನ್ನಿ, ಸಂಜೆ 5ರ ಮೇಲೆ ಇರುತ್ತೇನೆ.

– ಸಂಪಾದಕ